ನೀತಿಯ ನೊಗ ಯಾರ ಹೆಗಲಿಗೆ?

ಕನ್ನಡದಲ್ಲಿ ‘ನೀತಿ’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ನೀತಿಕಥೆ, ನೀತಿಪಾಠ, ನೀತಿಗೆಟ್ಟ ನಡತೆ ಎಂಬ ಮಾತುಗಳಲ್ಲಿ ಅದು ಒಳಿತು ಕೆಡುಕುಗಳ ವಿವೇಕವನ್ನು ಸೂಚಿಸಿದರೆ, ಶಿಕ್ಷಣ ನೀತಿ, ಕೈಗಾರಿಕಾ ನೀತಿ, ಭಾಷಾ ನೀತಿ ಎನ್ನುವಾಗ ಸರ್ಕಾರವೋ ಸಂಸ್ಥೆಯೋ ಇಂತಹ ಸಂದರ್ಭದಲ್ಲಿ ಹೀಗೆಯೇ ನಡೆದುಕೊಳ್ಳಬೇಕೆಂದು ಮುಂಚಿತವಾಗಿ ಗೊತ್ತುಮಾಡಿಕೊಂಡ ನಿರ್ಧಾರವನ್ನು ಸೂಚಿಸುತ್ತದೆ. ಈ ಎರಡನೆಯ ಅರ್ಥದ ನೀತಿಗೆ ಹಲವು ಮೆಟ್ಟಿಲುಗಳಿವೆ. ಶಾಸನಸಭೆ ಅಂಗೀಕರಿಸಿದ್ದು ಕಾಯ್ದೆ. ಕಾಯ್ದೆಯನ್ನು ಜಾರಿಗೆ ತರಲು ಸರ್ಕಾರ ಗೊತ್ತುಪಡಿಸಿದ ವಿವರಗಳು ನಿಯಮ. ಅವನ್ನು ಪಾಲಿಸುವ ಬಗೆಯನ್ನು ಇಲಾಖೆ ತನ್ನ ಕೆಳಗಿನ ಕಚೇರಿಗಳಿಗೆ ಬರೆದು ತಿಳಿಸಿದ್ದು ಸುತ್ತೋಲೆ. ಜನಸಾಮಾನ್ಯರು ನೀತಿಯನ್ನು ಎದುರುಗೊಳ್ಳುವುದು ಬಹುತೇಕ ಕೊನೆಯ ಮೆಟ್ಟಿಲಿನಲ್ಲಿ, ಅಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ, ಕಾರ್ಖಾನೆಯ ರಜೆ ಅರ್ಜಿಯಲ್ಲಿ, ನಾಡಕಚೇರಿಯ ಸ್ವೀಕೃತಿ ಚೀಟಿಯಲ್ಲಿ.

ಆದ್ದರಿಂದ ಒಂದು ನೀತಿಯನ್ನು ಅದರ ಪೀಠಿಕೆಯಲ್ಲಿರುವ ಆಶಯದಿಂದ ಅಳೆದರೆ ಸಾಲದು. ಹಸಿದು ಬಂದ ಮಗು, ಕಿರುಕುಳಕ್ಕೆ ಒಳಗಾದ ಉದ್ಯೋಗಿ, ಪಹಣಿಗಾಗಿ ಅಲೆಯುವ ರೈತ, ಇವರ ಕಷ್ಟದ ಹೊರೆಯನ್ನು ನೀತಿ ಬರುವ ಮುಂಚೆಯೂ ಯಾರೋ ಹೊರುತ್ತಲೇ ಇದ್ದರು. ಹೆಚ್ಚಿನ ಸಲ ಅದು ಹೊರಲಾರದವರ ಹೆಗಲ ಮೇಲೆಯೇ ಇತ್ತು. ಒಳ್ಳೆಯ ನೀತಿ ಆ ಹೊರೆಯನ್ನು ಹೊರಬಲ್ಲ ಸಂಸ್ಥೆಯ ಹೆಗಲಿಗೆ ವರ್ಗಾಯಿಸುತ್ತದೆ. ಅರೆಬರೆಯಾಗಿ ಯೋಚಿಸಿದ ನೀತಿ ಅದನ್ನು ಒಬ್ಬ ದುರ್ಬಲರಿಂದ ಇನ್ನೊಬ್ಬ ದುರ್ಬಲರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ತರಗತಿ, ಕೆಲಸದ ಸ್ಥಳ, ಸರ್ಕಾರಿ ಕಚೇರಿ ಈ ಮೂರು ಕಡೆಯೂ ಕಳೆದ ಮೂರು ದಶಕಗಳಲ್ಲಿ ಬಂದ ಕೆಲವು ನೀತಿಗಳನ್ನು ಹತ್ತಿರದಿಂದ ನೋಡಿದರೆ, ಈ ವರ್ಗಾವಣೆ ನಡೆಯುವುದೂ ತಪ್ಪುವುದೂ ಎಷ್ಟು ಸಣ್ಣ ವಿವರಗಳ ಮೇಲೆ ನಿಂತಿದೆ ಎಂಬುದು ಕಾಣುತ್ತದೆ.

ಮೊದಲು ತರಗತಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪೌಷ್ಟಿಕ ನೆರವು ನೀಡುವ ಯೋಜನೆಯನ್ನು ಆರಂಭಿಸಿತು. ಬೇಯಿಸಿದ ಊಟ ಕೊಡುವುದೇ ಅದರ ಗುರಿಯಾಗಿದ್ದರೂ ಹಲವು ರಾಜ್ಯಗಳಲ್ಲಿ ನಡೆದದ್ದು ಬೇರೆ: ಶೇ 80ರಷ್ಟು ಹಾಜರಾತಿ ಇರುವ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯವನ್ನು ಅಳೆದು ಕೊಡಲಾಗುತ್ತಿತ್ತು. ಆ ಧಾನ್ಯ ಮನೆಗೆ ಹೋಗಿ, ಮನೆಯ ಡಬ್ಬಿಯನ್ನು ಸೇರಿ, ಮನೆಮಂದಿಯೆಲ್ಲರ ತಟ್ಟೆಗೆ ಹಂಚಿಹೋಗುತ್ತಿತ್ತು. ಬಡ ಕುಟುಂಬಕ್ಕೆ ಅದರಿಂದ ನೆರವಾಯಿತೆಂಬುದು ನಿಜ, ಆದರೆ ಮಧ್ಯಾಹ್ನ ಒಂದು ಗಂಟೆಗೆ ತರಗತಿಯಲ್ಲಿ ಕುಳಿತ ಮಗುವಿನ ಹೊಟ್ಟೆ ಹಾಗೆಯೇ ಉಳಿಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಆಹಾರದ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. ತಮಿಳುನಾಡು 1982ರಿಂದಲೇ ವ್ಯಾಪಕವಾಗಿ ನಡೆಸಿಕೊಂಡು ಬಂದಿದ್ದ ಕ್ರಮ ಇದರಿಂದ ದೇಶಕ್ಕೆಲ್ಲ ಅನ್ವಯವಾಯಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯದಾದ್ಯಂತ ಹಬ್ಬಿದ ಯೋಜನೆಗೆ ಶರಣ ಪರಂಪರೆಯ ಪದವನ್ನೇ ಆಯ್ದುಕೊಂಡು ‘ಅಕ್ಷರ ದಾಸೋಹ’ ಎಂದು ಹೆಸರಿಡಲಾಯಿತು. ಜನರ ಬಾಯಲ್ಲಿ ಅದು ‘ಬಿಸಿಯೂಟ’ವಾಯಿತು.

ಹಳೆಯ ಏರ್ಪಾಡಿನಲ್ಲಿಯೂ ಹೊಸದರಲ್ಲಿಯೂ ಧಾನ್ಯ ಅದೇ, ಗೋದಾಮು ಅದೇ, ಮಗುವೂ ಅದೇ. ಬದಲಾದದ್ದು ಆ ಧಾನ್ಯ ಎಲ್ಲಿ ಬೇಯಬೇಕು ಎಂಬ ಒಂದು ವಿವರ ಮಾತ್ರ. ಅದರಿಂದ ಶಾಲೆಯ ಇಡೀ ದಿನಚರಿ ಬದಲಾಯಿತು. ಬೆಳಗಿನ ಪ್ರಾರ್ಥನೆ ಮುಗಿದು ಶಿಕ್ಷಕರು ಹಾಜರಿ ಕೂಗಿದ ಮೇಲೆ ಆ ಸಂಖ್ಯೆ ನೇರವಾಗಿ ಅಡುಗೆಕೋಣೆಗೆ ಹೋಗುತ್ತದೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ ಎಂಬ ಲೆಕ್ಕದಲ್ಲಿ, ಚಿಕ್ಕ ತರಗತಿಗಳಲ್ಲಿ 40 ಮಕ್ಕಳೂ ದೊಡ್ಡ ತರಗತಿಗಳಲ್ಲಿ 20 ಮಕ್ಕಳೂ ಬಂದಿದ್ದರೆ 4 ಕಿಲೊಗೆ 3 ಕಿಲೊ ಸೇರಿಸಿ 7 ಕಿಲೊ ಅಕ್ಕಿಯನ್ನು ಅಳೆಯಲಾಗುತ್ತದೆ. ಹತ್ತೂವರೆಗೆ ಬರೆದ ಹಾಜರಿ ಒಂದು ಗಂಟೆಗೆ ಅನ್ನವಾಗಿ ತಟ್ಟೆಗೆ ಬೀಳುತ್ತದೆ. ಬಡಿಸುವ ಮುಂಚೆ ಶಿಕ್ಷಕರೊಬ್ಬರು ಉಂಡು ನೋಡಬೇಕೆಂಬ ನಿಯಮವೂ ಇದೆ. ಮಧ್ಯಾಹ್ನ ಮನೆಗೆ ಹೋಗಿ ಮರಳದಿದ್ದ ಮಕ್ಕಳು ಶಾಲೆಯಲ್ಲಿಯೇ ಉಳಿಯಲು, ಊರಿನ ಬೇರೆ ಬೇರೆ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣಲು ಈ ಏರ್ಪಾಡು ದಾರಿ ಮಾಡಿಕೊಟ್ಟಿತು. ದಲಿತ ಮಹಿಳೆ ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ಹಟ ಹಿಡಿದ ಊರುಗಳೂ ಇವೆ. ಆ ಹಟ ಹೊರಬಂದದ್ದೇ ಊಟ ಶಾಲೆಯಲ್ಲಿ ನಡೆಯುತ್ತಿರುವುದರಿಂದ. ಧಾನ್ಯ ಮನೆಗೇ ಹೋಗುತ್ತಿದ್ದ ಕಾಲದಲ್ಲಿ ಪಂಕ್ತಿಭೇದವನ್ನು ಪ್ರಶ್ನಿಸುವ ಪ್ರಮೇಯವೇ ಇರಲಿಲ್ಲ.

ಆದರೆ ತರಗತಿಯ ಈ ನೀತಿಗೆ ಹೆಗಲುಕೊಟ್ಟು ನಿಂತವರನ್ನು ನೋಡದೆ ಲೆಕ್ಕ ಪೂರ್ಣವಾಗದು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅನಂತರದ ಪ್ರತಿ ನೂರಕ್ಕೆ ಇನ್ನೊಬ್ಬರು ಎಂಬ ಕೇಂದ್ರದ ಮಾನದಂಡದಂತೆ ನೇಮಕವಾಗುವ ಅಡುಗೆಯವರಲ್ಲಿ ಹೆಚ್ಚಿನವರು ಅದೇ ಊರಿನ ಬಡ ಹೆಣ್ಣುಮಕ್ಕಳು. ಒಲೆ ಹೊತ್ತಿಸುವುದರಿಂದ ಪಾತ್ರೆ ಬೋರಲು ಹಾಕುವವರೆಗೆ ಅವರು ಮಾಡುವುದು ದಿನದ ದುಡಿಮೆಯಾದರೂ ಅವರಿಗೆ ಸಿಗುವುದಕ್ಕೆ ನೀತಿಯ ಭಾಷೆಯಲ್ಲಿ ‘ವೇತನ’ ಎಂಬ ಹೆಸರಿಲ್ಲ, ‘ಗೌರವಧನ’ ಎಂಬ ಹೆಸರಿದೆ. ಈ ಎರಡು ಪದಗಳ ನಡುವಿನ ಅಂತರ ಕಾನೂನಿನದು. ವೇತನವೆಂದರೆ ಅದರ ಬೆನ್ನಿಗೇ ಕನಿಷ್ಠ ಕೂಲಿ, ಭವಿಷ್ಯನಿಧಿ, ರಜೆ ಎಲ್ಲವೂ ಬರುತ್ತವೆ. ಗೌರವಧನವೆಂದರೆ ಅದು ಸ್ವಯಂಸೇವೆಗೆ ತೋರಿದ ಕೃತಜ್ಞತೆಯಾಗುತ್ತದೆ. 2009ರಲ್ಲಿ ಕೇಂದ್ರದ ಮಾನದಂಡವು ಈ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಎಂದು ಗೊತ್ತುಪಡಿಸಿತ್ತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತ ಬಂದಿವೆ. ಮಗುವಿನ ಹಸಿವನ್ನು ಹಕ್ಕೆಂದು ಒಪ್ಪಿಕೊಂಡ ನೀತಿಯೇ ಆ ಹಸಿವನ್ನು ತಣಿಸುವ ಕೈಗಳ ದುಡಿಮೆಯನ್ನು ಉಪಕಾರವೆಂದು ಬಗೆಯಿತು. ಗೌರವದ ಹೆಸರಿನಲ್ಲಿ ಕೊಡುವ ಹಣ ದುಡಿಮೆಗೆ ತಕ್ಕುದಾಗಿಲ್ಲದಿದ್ದರೆ ಅಲ್ಲಿ ಗೌರವವೂ ಉಳಿಯುವುದಿಲ್ಲ.

ಶಿಕ್ಷಕರ ವಿಷಯವೂ ಹೀಗೆಯೇ ಸೂಕ್ಷ್ಮವಾದದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು, ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ಆದರೆ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಮೊಟ್ಟೆ, ಗ್ಯಾಸ್ ಸಿಲಿಂಡರ್‌ಗಳ ಲೆಕ್ಕ ಬರೆಯುವುದು ಶಾಲೆಯ ಒಳಗೆಯೇ ನಡೆಯುವುದರಿಂದ ಅದು ‘ನಿಯೋಜನೆ’ಯ ವ್ಯಾಖ್ಯೆಗೆ ಸಿಕ್ಕುವುದಿಲ್ಲ. ಗುಮಾಸ್ತರಿಲ್ಲದ ಚಿಕ್ಕ ಶಾಲೆಯಲ್ಲಿ, ಇಬ್ಬರೇ ಶಿಕ್ಷಕರಿರುವಾಗ, ಮುಖ್ಯೋಪಾಧ್ಯಾಯರು ಪುಸ್ತಕದಿಂದ ಪುಸ್ತಕಕ್ಕೆ ದಾಸ್ತಾನು ಏರಿಸುತ್ತ ಕುಳಿತ ಪ್ರತಿ ಗಂಟೆಯೂ ಯಾವುದೋ ತರಗತಿಯ ಗಣಿತದ ಗಂಟೆಯೇ ಆಗಿರುತ್ತದೆ. ಕಾಯ್ದೆ ಮುಂಬಾಗಿಲಿನಲ್ಲಿ ತಡೆದ ಹೊರೆ ಹಿತ್ತಿಲಿನಿಂದ ಒಳಬಂದಿತು.

ಕೆಲಸದ ಸ್ಥಳಕ್ಕೆ ಬಂದರೆ, ಹೊರೆಯ ವರ್ಗಾವಣೆಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಲೈಂಗಿಕ ಕಿರುಕುಳ ತಡೆಯುವ ಕಾನೂನು. 1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಡಿ ಬಾಲ್ಯವಿವಾಹ ತಡೆಯಲು ಯತ್ನಿಸಿದ ಕಾರ್ಯಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕರ್ತವ್ಯ ಮಾಡಿದ್ದಕ್ಕಾಗಿ ಮಹಿಳೆಯೊಬ್ಬರು ಅನುಭವಿಸಿದ ಹಿಂಸೆಗೆ ಆಕೆಗೆ ಕೆಲಸ ಕೊಟ್ಟವರ ಹೊಣೆ ಏನು ಎಂಬ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮುಂದಿಟ್ಟವು. 1997ರ ಆಗಸ್ಟ್ 13ರಂದು ಹೊರಬಂದ ವಿಶಾಖಾ ತೀರ್ಪು, ಸಂಸತ್ತು ಕಾನೂನು ಮಾಡುವವರೆಗೆ ಎಲ್ಲ ಉದ್ಯೋಗದಾತರೂ ಪಾಲಿಸಬೇಕಾದ ಮಾರ್ಗಸೂಚಿಯನ್ನು ವಿಧಿಸಿತು. ಸಂಸತ್ತಿನ ಕಾನೂನು ಬರಲು ಮುಂದೆ 16 ವರ್ಷಗಳು ಬೇಕಾದವು. ವಿಶಾಖಾ ತೀರ್ಪಿಗೂ ಮುಂಚೆ ಇಂತಹ ಕಿರುಕುಳಕ್ಕೆ ಒಳಗಾದ ಮಹಿಳೆಗೆ ಉಳಿದಿದ್ದ ದಾರಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು, ಇಲ್ಲವೇ ಸುಮ್ಮನೆ ಕೆಲಸ ಬಿಡುವುದು.

2013ರ ಕಾಯ್ದೆಯ ಬಲ ಅದರ ವಿವರಗಳಲ್ಲಿದೆ. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಸಂಸ್ಥೆಯಲ್ಲಿಯೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯಾಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಸಂಸ್ಥೆಯ ಒತ್ತಡಕ್ಕೆ ಮಣಿಯದ ಹೊರಗಿನ ಸದಸ್ಯರೊಬ್ಬರಿರಬೇಕು. ದೂರುದಾರಳಿಗೆ ಬರೆಯಲು ಆಗದಿದ್ದರೆ ಸಮಿತಿಯೇ ನೆರವಾಗಿ ದೂರನ್ನು ಬರೆಯಿಸಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿ ರಚಿಸಿದ ಆದೇಶವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. ಸಮಿತಿಯನ್ನೇ ರಚಿಸದ ಉದ್ಯೋಗದಾತರಿಗೆ 50,000 ರೂಪಾಯಿವರೆಗೆ ದಂಡವಿದೆ. ಗೋಡೆಯ ಮೇಲಿನ ಆ ಒಂದು ಹಾಳೆ ಇಲ್ಲದಿದ್ದರೆ ಉಳಿದ ಕಲಮುಗಳೆಲ್ಲ ಪುಸ್ತಕದಲ್ಲಿಯೇ ಉಳಿಯುತ್ತವೆ, ಏಕೆಂದರೆ ಯಾರ ಬಳಿ ಹೋಗಬೇಕೆಂದು ತಿಳಿಯದವಳಿಗೆ ಹಕ್ಕಿದ್ದೂ ಇಲ್ಲದಂತೆಯೇ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳ ಕೆಲಸಗಾರರಿಗೆ ಮತ್ತು ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಮನೆಗೆಲಸದವಳಿಗೆ ದುಡಿಯುವ ಮನೆಯೇ ಕೆಲಸದ ಸ್ಥಳವೆಂದು ಕಾಯ್ದೆ ಒಪ್ಪಿಕೊಂಡಿರುವುದು ದೊಡ್ಡ ಮಾತು, ಆದರೆ ಬೆಳಗ್ಗೆ ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು ಜಿಲ್ಲಾ ಕೇಂದ್ರದ ಸಮಿತಿಯನ್ನು ಹುಡುಕಿಕೊಂಡು ಹೋಗಬೇಕಾದರೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾಗುತ್ತದೆ. ಹತ್ತು ಜನರ ಗೆರೆಯ ಮೇಲಿರುವವರಿಗೆ ಹಕ್ಕು ಪಕ್ಕದ ಕೋಣೆಯಲ್ಲಿದೆ, ಕೆಳಗಿರುವವರಿಗೆ ಬಸ್ ಹತ್ತಿ ಹೋಗುವಷ್ಟು ದೂರದಲ್ಲಿದೆ.

ಹೆರಿಗೆ ರಜೆಯ ವಿಷಯದಲ್ಲಿ ಖರ್ಚು ಯಾರದು ಎಂಬ ಪ್ರಶ್ನೆ ಇನ್ನೂ ನಿರ್ಣಾಯಕ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು ಮತ್ತು 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿರುವ ಕಡಿಮೆ ವೇತನದ ನೌಕರಳಿಗೆ ಈ ಅವಧಿಯ ಹಣ ವಿಮಾ ನಿಧಿಯಿಂದ ಬರುತ್ತದೆ. ಆ ನಿಧಿಗೆ ಗಂಡು ಹೆಣ್ಣೆನ್ನದೆ ಎಲ್ಲ ನೌಕರರ ಹೆಸರಿನಲ್ಲಿಯೂ ವಂತಿಗೆ ಸಲ್ಲುವುದರಿಂದ ಒಬ್ಬ ತಾಯಿಯ ರಜೆ ಒಬ್ಬ ಮಾಲೀಕರ ಖರ್ಚಾಗಿ ಕಾಣುವುದಿಲ್ಲ. ಇಎಸ್‌ಐ ವ್ಯಾಪ್ತಿಯ ಹೊರಗಿರುವವರ ವಿಷಯದಲ್ಲಿ ಪೂರ್ತಿ ಸಂಬಳವನ್ನು ಸಂಸ್ಥೆಯೇ ಕೊಡಬೇಕು. ಹೆಣ್ಣನ್ನು ನೇಮಿಸಿಕೊಂಡರೆ ಮಾತ್ರ ಬೀಳುವ ಖರ್ಚು ಎಂದಾದಾಗ, ಚಿಕ್ಕ ಸಂಸ್ಥೆಯ ಮಾಲೀಕರು ನೇಮಕಾತಿಯ ಮೇಜಿನಲ್ಲಿಯೇ ಹಿಂಜರಿಯುವ ಅಪಾಯವಿದೆ. ಆ ಹಿಂಜರಿಕೆ ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ, ಕೆಲಸ ಸಿಗದವಳಿಗೆ ಕಾರಣವೂ ತಿಳಿಯುವುದಿಲ್ಲ. ಇಡೀ ಸಮಾಜಕ್ಕೆ ಬೇಕಾದ ಒಳಿತಿನ ಖರ್ಚನ್ನು ಸಮಾಜವೇ ಹಂಚಿಕೊಳ್ಳುವ ಮಾದರಿ ಕಣ್ಣೆದುರಿಗೇ ಇರುವಾಗ ಅದನ್ನು ವಿಸ್ತರಿಸುವುದೇ ಸರಿಯಾದ ದಾರಿ.

ಸದುದ್ದೇಶದ ನೀತಿ ಜನರ ಬದುಕನ್ನು ಅರಿಯದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ನೋಡಿತು. ಭವಿಷ್ಯನಿಧಿಯಲ್ಲಿರುವ ಉದ್ಯೋಗದಾತರ ಪಾಲನ್ನು ನೌಕರರು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಮುಪ್ಪಿನ ಕಾಲಕ್ಕೆ ಉಳಿತಾಯವಿರಲಿ ಎಂಬುದು ಅದರ ತರ್ಕ. ಆದರೆ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್ ಎಂದು ನಗರ ಕರೆಯುವ ಆ ಕಾರ್ಖಾನೆಗಳಲ್ಲಿ, ಹೊಲಿಗೆ ಯಂತ್ರದ ಮುಂದೆ ದುಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ 58ರವರೆಗೆ ಆ ಕೆಲಸದಲ್ಲಿ ಉಳಿಯುವುದೇ ಇಲ್ಲ. ಕೆಲಸ ಬಿಟ್ಟಾಗ ಕೈಗೆ ಬರುವ ‘ಪಿಎಫ್ ದುಡ್ಡು’ ಅವರ ಪಾಲಿಗೆ ಮಗಳ ಮದುವೆ, ಮಗನ ಶುಲ್ಕ, ತೀರದ ಸಾಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಹಿಳೆಯರು ಯಂತ್ರ ನಿಲ್ಲಿಸಿ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. 19ರಂದೇ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂಪಡೆಯಿತು. ಆ ಹಣ ಅವರ ಬದುಕಿನಲ್ಲಿ ಏನು ಮಾಡುತ್ತದೆ ಎಂದು ಅವರನ್ನೇ ಮೊದಲು ಕೇಳಿದ್ದರೆ ರಸ್ತೆಗೆ ಇಳಿಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಸರ್ಕಾರಿ ಕಚೇರಿಯಲ್ಲಿ ಹೊರೆಯ ರೂಪ ಕಾಯುವಿಕೆ. ಪಹಣಿ ಎಂದರೆ ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆ, ಸಾಲಗಳನ್ನು ತೋರಿಸುವ ದಾಖಲೆ. ಬ್ಯಾಂಕಿನ ಸಾಲಕ್ಕೂ ಬೆಳೆ ಪರಿಹಾರಕ್ಕೂ ಅದೇ ಆಧಾರ. ಬಹುಕಾಲ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು, ಮತ್ತು ಅವರು ಸಿಗುವ ದಿನ, ಅವರ ಮರ್ಜಿ, ಕೆಲವೊಮ್ಮೆ ಅವರ ಕೈ ಬೆಚ್ಚಗೆ ಮಾಡಬೇಕಾದದ್ದು, ಇವೆಲ್ಲ ರೈತನ ಹೊರೆಯಾಗಿದ್ದವು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಿತು. ಅದಕ್ಕಿಂತ ಮಹತ್ವದ ಬದಲಾವಣೆ ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಆಯಿತು: ಮೊದಲು ಬಂದ ಅರ್ಜಿಯನ್ನು ಮೊದಲು ವಿಲೇವಾರಿ ಮಾಡದೆ ಮುಂದಿನದಕ್ಕೆ ಹೋಗಲಾಗದಂತೆ ತಂತ್ರಾಂಶವನ್ನು ರೂಪಿಸಲಾಯಿತು. ಸರತಿಯನ್ನು ಯಂತ್ರಕ್ಕೆ ಒಪ್ಪಿಸಿದ್ದರಿಂದ ಸರತಿ ತಪ್ಪಿಸುವ ಅಧಿಕಾರದ ಬೆಲೆ ಇಳಿಯಿತು.

2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಈ ವಿಚಾರವನ್ನು 11 ಇಲಾಖೆಗಳ 151 ಸೇವೆಗಳಿಗೆ ವಿಸ್ತರಿಸಿತು. ಆಮೇಲೆ ಸೇವೆಗಳ ಪಟ್ಟಿ ಬೆಳೆಯುತ್ತ ಹೋಯಿತು. ಪ್ರತಿ ಸೇವೆಗೆ ಇಷ್ಟು ದಿನ ಎಂಬ ಗಡುವು, ಪ್ರತಿ ಅರ್ಜಿಗೆ 15 ಅಂಕಿಯ ಸ್ವೀಕೃತಿ ಸಂಖ್ಯೆ, ಗಡುವು ಮೀರಿದರೆ ಮೇಲ್ಮನವಿ, ವಿಳಂಬವಾದ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರ, ಆ ಮೊತ್ತವನ್ನು ವಿಳಂಬ ಮಾಡಿದ ನೌಕರನಿಂದ ವಸೂಲು ಮಾಡುವ ಏರ್ಪಾಡು ಇವು ಅದರ ಅಂಗಗಳು. ಇವುಗಳಲ್ಲಿ ಆ ಸಂಖ್ಯೆಯ ಚೀಟಿಯೇ ಮುಖ್ಯ. ‘ನಾಳೆ ಬನ್ನಿ’ ಎಂಬ ಮಾತಿಗೆ ದಾಖಲೆಯಿಲ್ಲ, ಚೀಟಿಗೆ ದಿನಾಂಕವಿದೆ. ಆದರೆ ಇಲ್ಲಿಯೂ ಎರಡು ಬಿರುಕುಗಳಿವೆ. ಅರ್ಜಿಯನ್ನು ಕೈಯಲ್ಲಿ ಪಡೆದು ಸಂಖ್ಯೆ ಕೊಡದಿದ್ದರೆ ಗಡುವಿನ ಗಡಿಯಾರ ಓಡಲು ಆರಂಭಿಸುವುದೇ ಇಲ್ಲ. ಗಡುವಿನ ಕೊನೆಯ ದಿನ ‘ದಾಖಲೆ ಸಾಲದು’ ಎಂದು ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಟ್ಟು ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಸಕಾಲಿಕ ವಿಲೇವಾರಿಯೇ. ಮಾಹಿತಿ ಹಕ್ಕು ಕಾಯ್ದೆಯು ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ವಿಧಿಸುವುದರೊಂದಿಗೆ ಹೋಲಿಸಿದರೆ, 500 ರೂಪಾಯಿಯ ಭಯ ಎಷ್ಟರದು ಎಂಬುದನ್ನು ವಿವರಿಸಬೇಕಾಗಿಲ್ಲ.

ಈ ಮೂರು ಜಾಗಗಳೂ ಬೇರೆ ಬೇರೆಯಾಗಿ ಉಳಿಯುವುದಿಲ್ಲ ಎಂಬುದಕ್ಕೆ ಕರ್ನಾಟಕದ ಭಾಷಾ ನೀತಿಯೇ ಸಾಕ್ಷಿ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂಬ ರಾಜ್ಯದ 1994ರ ಆದೇಶ ದೀರ್ಘ ವ್ಯಾಜ್ಯದ ಬಳಿಕ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪೋಷಕರದು, ಅದನ್ನು ಸರ್ಕಾರ ಹೇರಲಾಗದು ಎಂದಿತು ನ್ಯಾಯಾಲಯ. ಎರಡು ದಶಕಗಳ ಆ ಹೋರಾಟ ತರಗತಿಯ ಬಾಗಿಲಲ್ಲಿ ನಡೆಯುತ್ತಿದ್ದಾಗ, ಪೋಷಕರ ಆಯ್ಕೆಯನ್ನು ನಿಜವಾಗಿ ರೂಪಿಸುತ್ತಿದ್ದ ಶಕ್ತಿ ಉದ್ಯೋಗದ ಬಾಗಿಲಲ್ಲಿತ್ತು. ಕೂಲಿ ಮಾಡಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ತಾಯಿಗೆ ಕನ್ನಡದ ಮೇಲೆ ಪ್ರೀತಿಯಿಲ್ಲವೆಂದು ದೂರುವುದು ಅನ್ಯಾಯ. ಕೆಲಸದ ಸಂದರ್ಶನ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಆಕೆ ನೋಡಿದ್ದಾಳೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 5ರ ಮೀಸಲಾತಿ ನೀಡಿದ್ದು ಈ ನಂಟನ್ನು ಗುರುತಿಸಿದ ಕ್ರಮ. ಆದರೆ ತರಗತಿಯಲ್ಲಿ ಕನ್ನಡವನ್ನು ಉಳಿಸುವ ಪೂರ್ತಿ ಹೊಣೆಯನ್ನು ಬಡ ಪೋಷಕರ ಮಕ್ಕಳ ಹೆಗಲಿಗೆ ಹೊರಿಸಿ, ಕಚೇರಿ, ಕೈಗಾರಿಕೆ, ಉನ್ನತ ಶಿಕ್ಷಣಗಳಲ್ಲಿ ಕನ್ನಡಕ್ಕೆ ಬೆಲೆ ತಂದುಕೊಡದ ಯಾವ ನೀತಿಯೂ ಬಾಳುವುದಿಲ್ಲ.

ಹೀಗಾಗಿ ಯಾವುದೇ ಹೊಸ ನೀತಿ ಪ್ರಕಟವಾದಾಗ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಕೆಲಸ ಮಾಡಬೇಕಾದವರು ಯಾರು, ಎಷ್ಟು ದಿನಗಳಲ್ಲಿ? ಖರ್ಚು ಯಾರದು? ಆದದ್ದನ್ನು ಎಣಿಸುವವರು ಯಾರು, ಏನನ್ನು ಎಣಿಸುತ್ತಾರೆ? ಆಗದಿದ್ದರೆ ದೂರು ಕೊಡಲು ಎಷ್ಟು ದೂರ ಹೋಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಉದ್ಘಾಟನೆಯ ಭಾಷಣದಲ್ಲಿ ಅಲ್ಲ, ನಿಯಮಗಳಲ್ಲಿ. ಎಷ್ಟೋ ನಿಯಮಗಳು ಅಂತಿಮವಾಗುವ ಮುನ್ನ ಕರಡಿನ ರೂಪದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತವೆ, ಆಕ್ಷೇಪಣೆ ಮತ್ತು ಸಲಹೆಗಳಿಗೆ ಕೆಲವು ದಿನಗಳ ಅವಕಾಶವೂ ಇರುತ್ತದೆ. ಆ ದಿನಗಳು ಸಾಮಾನ್ಯವಾಗಿ ಸದ್ದಿಲ್ಲದೆ ಕಳೆದುಹೋಗುತ್ತವೆ. ಬಿಸಿಯೂಟದ ಅಡುಗೆಯವರು, ಎರಡು ಕೋಣೆಯ ಶಾಲೆಯ ಮುಖ್ಯೋಪಾಧ್ಯಾಯರು, ಹೊಲಿಗೆ ಯಂತ್ರದ ಮುಂದಿನ ಕಾರ್ಮಿಕರು ಓದಿ ಅರಿಯಬಹುದಾದ ಕನ್ನಡದಲ್ಲಿ ಆ ಕರಡನ್ನು ಅವರ ಶಾಲೆಯ, ಕಾರ್ಖಾನೆಯ, ಪಂಚಾಯಿತಿಯ ಗೋಡೆಗೆ ಅಂಟಿಸಿ, ಅವರ ಮಾತನ್ನು ಬರೆದುಕೊಂಡು ಬರುವ ಹೊಣೆಯನ್ನು ಸರ್ಕಾರವೇ ಹೊರಬೇಕು. ಹೊಸೂರು ರಸ್ತೆಯಲ್ಲಿ ಎರಡು ದಿನ ಕೂಗಿ ಹೇಳಬೇಕಾದ ಮಾತನ್ನು ಕರಡಿನ ಹಂತದಲ್ಲಿಯೇ ಕೇಳಿಸಿಕೊಂಡರೆ, ನೊಗ ಯಾರ ಹೆಗಲಿಗೆ ಎಷ್ಟು ಭಾರವೆಂಬುದು ಬಂಡಿ ಹೊರಡುವ ಮುಂಚೆಯೇ ತಿಳಿಯುತ್ತದೆ.